ಹಿಮದ ಮೇಲೆ ಅತ್ತೆಯವರು

ನಾನು ಹುಟ್ಟಾ ಅಂಜುಬುರುಕಿ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಅಂಜಿಕೆ ತುಂಬಿದ ಮನೆಯಲ್ಲಿ ನಾಚಿಕೆಗೆ ಜಾಗವೆಲ್ಲಿ ಉಳಿಯುತ್ತದೆ? ಗ್ಯಾಸ್ ಆರಿಸಿದ ಮೇಲೆ ಆರಿದೆಯೇ ಎಂದು ನೋಡುತ್ತೇನೆ, ನೋಡಿದ್ದೇನೆಯೇ ಎಂದು ಇನ್ನೊಮ್ಮೆ ನೋಡುತ್ತೇನೆ. ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಅಡುಗೆಮನೆಯ ಬಾಗಿಲ ಮರೆಯಲ್ಲಿರುತ್ತೇನೆ. ಲಿಫ್ಟಿನಲ್ಲಿ ಒಬ್ಬಳೇ ಹೋಗುವ ಧೈರ್ಯವಿಲ್ಲದೆ ಯಾರಾದರೂ ಬರಲೆಂದು ಕಾಯುತ್ತೇನೆ. ಬಂದವರು ಗುರುತಿಲ್ಲದವರಾದರೆ ಅವರಿಗೂ ಅಂಜಿ ಮೆಟ್ಟಿಲು ಹತ್ತುತ್ತೇನೆ.

ಇದರಲ್ಲಿ ನನ್ನ ಕಾನ್ವೆಂಟಿನ ಪಾಲೂ ಇದೆ. ಸಿಕಂದರಾಬಾದಿನ ಆ ಶಾಲೆಯ ಸಿಸ್ಟರುಗಳು ತುಂಬ ಒಳ್ಳೆಯವರು. ಆದರೆ ಹುಡುಗಿಯರು ಓಡಬಾರದು, ನಡೆಯಬೇಕು. ನಡೆದರೂ ಸಪ್ಪಳವಾಗಬಾರದು ಎಂಬುದು ಅವರ ನಂಬಿಕೆ. ಪ್ರಗತಿಪತ್ರದಲ್ಲಿ ವರ್ಷವರ್ಷವೂ ‘ಮೃದು ಸ್ವಭಾವದ ಹುಡುಗಿ’ ಎಂದು ಬರೆದು ಕಳಿಸುತ್ತಿದ್ದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದು ಸಹಿ ಹಾಕುತ್ತಿದ್ದರು.

ಇಂಥವಳು ಗುಲ್ಮಾರ್ಗ್‌ನ ಹಿಮದ ಇಳಿಜಾರಿಗೆ ಹೇಗೆ ಹೋದಳು ಎಂದು ನೀವು ಕೇಳಬಹುದು. ಉತ್ತರ ಸರಳ: ಅದಕ್ಕೂ ಭಯವೇ ಕಾರಣ. ನಮ್ಮ ಮನೆಯವರು ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಇಂಥ ಸಂಸಾರಗಳಲ್ಲಿ ಪ್ರವಾಸ ಆಸೆಯಿಂದ ಹುಟ್ಟುವುದಿಲ್ಲ. ಸರ್ಕಾರ ಕೆಲವು ವರ್ಷಕ್ಕೊಮ್ಮೆ ಕೊಡುವ ಎಲ್‌ಟಿಸಿ ಎಂಬ ಪ್ರಯಾಣದ ಸವಲತ್ತು ಎಲ್ಲಿ ಲ್ಯಾಪ್ಸ್ ಆಗಿಬಿಡುತ್ತದೋ ಎಂಬ ದಿಗಿಲಿನಿಂದ ಹುಟ್ಟುತ್ತದೆ. ಆ ವರ್ಷ ಕಾಶ್ಮೀರಕ್ಕೆ ವಿಮಾನದಲ್ಲೇ ಹೋಗಬಹುದೆಂಬ ಸುದ್ದಿ ಹಬ್ಬಿದ್ದೇ ತಡ, ಉಪ್ಪಲ್ ಕಡೆಯ ನಮ್ಮ ಕಾಲೊನಿಯ ಅರ್ಧ ಜನ ಶಂಶಾಬಾದಿನ ವಿಮಾನ ನಿಲ್ದಾಣದ ದಾರಿ ಹಿಡಿದರು. ಹೋಗಿ ಬಂದವರ ಉಣ್ಣೆಬಟ್ಟೆಗಳು ಹೊರಡುವವರ ಮನೆ ಸೇರುತ್ತಿದ್ದವು. ಹೀಗಾಗಿ ಇಂದಿಗೂ ಕಾಲೊನಿಯ ಎಲ್ಲರ ಮನೆಯ ಕಾಶ್ಮೀರದ ಫೋಟೋಗಳಲ್ಲಿ ಮುಖಗಳು ಬೇರೆ ಬೇರೆ, ಮೆರೂನ್ ಕೋಟು ಮಾತ್ರ ಒಂದೇ.

ನಮ್ಮ ಜೊತೆ ಅತ್ತೆಯವರೂ ಹೊರಟರು. ನನ್ನ ಕಥೆ ಇರುವುದು ಅಲ್ಲೇ. ಹಿಂದಿನ ವರ್ಷ ಅವರು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲುಬು ರಸ್ಕಿನಂತಾಗಿದೆ, ಈ ಸಲ ಕೈ, ಇನ್ನೊಮ್ಮೆ ಬಿದ್ದರೆ ಸೊಂಟ, ಸೊಂಟ ಹೋದರೆ ಹಾಸಿಗೆಯೇ ಗತಿ ಎಂದುಬಿಟ್ಟರು. ಅಂದಿನಿಂದ ಮನೆಯಲ್ಲಿ ಒದ್ದೆ ನೆಲವೆಂದರೆ ನನಗೆ ಹಾವು ಕಂಡಂತೆ. ಅತ್ತೆಯವರು ಎದ್ದರೆ ಏಳುತ್ತಿದ್ದೆ, ದೇವರ ಮನೆಗೆ ಹೋದರೂ ಹಿಂದೆ ಹೋಗುತ್ತಿದ್ದೆ. ಬಚ್ಚಲಿಗೆ ಅಗುಳಿ ಹಾಕಿಕೊಳ್ಳಬಾರದೆಂದು ನಿಯಮ ಮಾಡಿದ್ದೆ. ಅವರು ದೂರುತ್ತಿರಲಿಲ್ಲ. ಮಾತು ಮಾತ್ರ ಕಡಿಮೆಯಾಗಿತ್ತು.

ಸುದ್ದಿ ಬಿಜಾಪುರದ ದೊಡ್ಡ ನಾದಿನಿಗೆ ಮುಟ್ಟಿತು. ಫೋನು ಬಂತು.

“ಏನ ಸುಮಾ, ಮದುವಿಗೆ ಕರಕೊಂಡು ಬಾ ಅಂದ್ರ ಅವ್ವಗ ಎಲುಬು ಹಗುರಾಗ್ಯಾವ ಅಂತಿದ್ದಿ. ಈಗ ಕಾಶ್ಮೀರಕ್ಕ ಹೆಂಗ ಒಯ್ಯಾಕತ್ತಿ?”

“ಇವರು ಟಿಕೆಟ್ ಮಾಡಿಸ್ಯಾರ್ರಿ ಅಕ್ಕಾರ...”

“ನಿಮ್ಮ ಎಲ್‌ಟಿಸಿ ಸಲುವಾಗಿ ನಮ್ಮವ್ವನ ಸೊಂಟ ಮುರೀಬ್ಯಾಡ್ರಿ. ಏನರ ಆತಂದ್ರ ಜವಾಬ್ದಾರಿ ನಿಂದು, ನೋಡು!”

ಆ ಮಾತನ್ನು ಕಟ್ಟಿಕೊಂಡೇ ನಾನು ವಿಮಾನ ಹತ್ತಿದ್ದು.

ಹೋಟೆಲು ಪೂರ್ತಿ ಮರದ್ದು, ಬೆಟ್ಟದ ಮಗ್ಗುಲಿಗೆ ಆನಿಕೊಂಡಂತಿತ್ತು. ಇಳಿಜಾರು ಚಾವಣಿಯ ಅಂಚಿನಿಂದ ನೀರು ಹೆಪ್ಪುಗಟ್ಟಿ ಈಟಿಗಳಂತೆ ತೂಗುತ್ತಿತ್ತು. ಬೇರೆಯವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾನು ತಲೆಯ ಮೇಲೆ ಕೈಚೀಲ ಹೊತ್ತು ಒಳಗೆ ನುಗ್ಗಿದೆ. ಕೋಣೆಯಲ್ಲಿ ಕಟ್ಟಿಗೆ ಉರಿಸುವ ಬುಖಾರಿ ಇತ್ತು. ಹೊಗೆಗೆ ಅಂಜಿ ಕಿಟಕಿ ತೆರೆದೆ, ಚಳಿಗೆ ಅಂಜಿ ಮುಚ್ಚಿದೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿ ಕುಳಿತಿತ್ತು. ಎಲ್ಲವೂ ಗಟ್ಟಿಯಾಗುವ ಆ ಊರಿನಲ್ಲಿ ಮೆತ್ತಗಾದದ್ದು ಎರಡೇ: ನಾವು ಒಯ್ದಿದ್ದ ಖಡಕ್ ರೊಟ್ಟಿ ಮತ್ತು ನಾನು.

ಹಳೆಯ ರಸಶಾಸ್ತ್ರದವರು ಭಯಾನಕ ರಸಕ್ಕೆ ಕಪ್ಪು ಬಣ್ಣ ಕೊಟ್ಟಿದ್ದಾರಂತೆ. ಅವರು ಗುಲ್ಮಾರ್ಗ್ ನೋಡಿರಲಿಕ್ಕಿಲ್ಲ. ನನ್ನ ಭಯ ಅಲ್ಲಿ ಅಚ್ಚ ಬೆಳ್ಳಗಿತ್ತು. ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ನಮ್ಮ ಬಿಜಾಪುರದ ಸೀಮೆಯವರಿಗೆ ಹಿಮವೆಂದರೆ ಹೆಚ್ಚೆಂದರೆ ಬೇಸಿಗೆಯ ಮಳೆಯಲ್ಲಿ ಬೀಳುವ ಆಲಿಕಲ್ಲು. ಬಟ್ಟಲಲ್ಲಿ ಆರಿಸಿಟ್ಟರೆ ಚಹಾ ಕುದಿಯುವುದರೊಳಗೆ ಮಾಯ. ಇನ್ನು ಪುರಾಣಗಳಲ್ಲಿ ಹಿಮಾಲಯಕ್ಕೆ ಹೋದವರ ವಿಷಯ ತೆಗೆದುಕೊಳ್ಳಿ, ಅವರಲ್ಲಿ ಹೆಚ್ಚಿನವರು ತಿರುಗಿ ಬರುವ ಲೆಕ್ಕದಲ್ಲಿ ಹೋದವರಲ್ಲ. ನಮ್ಮ ಕೈಯಲ್ಲಾದರೋ ತಿರುಗಿ ಬರುವ ಟಿಕೆಟ್ ಇತ್ತು. ಅದೊಂದೇ ಧೈರ್ಯ.

ಬೆಳಿಗ್ಗೆ ಇಳಿಜಾರಿನ ಹತ್ತಿರ ಹೋದೆವು. ಜನ ಕಾಲಿಗೆ ಎರಡು ಉದ್ದ ಪಟ್ಟಿ ಕಟ್ಟಿಕೊಂಡು ಸರ್ರನೆ ಇಳಿಯುತ್ತಿದ್ದರು. ಇನ್ನು ಕೆಲವರು ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಅಡ್ಡಡ್ಡ ಜಾರುತ್ತಿದ್ದರು. ಅತ್ತೆಯವರು ಕಚ್ಚೆ ಸೀರೆಯನ್ನು ಬಾಡಿಗೆಯ ಗಂಬೂಟಿನೊಳಗೆ ತುರುಕಿ, ಕೆಂಪು ಶಾಲು ಹೊದ್ದು, ಕಣ್ಣರಳಿಸಿ ನೋಡುತ್ತಿದ್ದರು.

“ಅಯ್ಯ ಶಿವನ! ಊಟದ ಮಣಿ ಕಾಲಿಗೆ ಕಟಗೊಂಡು ಹೊಂಟಾರಲ್ಲೋ ಶಂಕ್ರ್ಯಾ!”

ಶಂಕ್ರ್ಯಾ ಎಂದರೆ ನಮ್ಮ ಮನೆಯವರು. ಅವರೂ ಪಟ್ಟಿಗಳನ್ನು ಬಾಡಿಗೆಗೆ ತೆಗೆದುಕೊಂಡಿದ್ದರು. ಕಾರ್ಖಾನೆಯ ಅಭ್ಯಾಸದಂತೆ ಒಂದೊಂದು ಕೊಂಡಿಯನ್ನೂ ಎಳೆದು, ಬಡಿದು, ತೃಪ್ತರಾಗಿ ಎದ್ದು ನಿಂತರು. ಕೂಡಲೇ ಬಿದ್ದರು. ಬಿದ್ದದ್ದೂ ಇಲಾಖೆಯ ಕ್ರಮದಲ್ಲೇ: ಮೊದಲು ಎಡಭಾಗ, ಆಮೇಲೆ ವಿಚಾರ ಮಾಡಿ ಉಳಿದದ್ದು. “ಏನೂ ಆಗಿಲ್ಲ, ನೀ ಅವ್ವನ್ನ ನೋಡ್ಕೊ!” ಎಂದು ಮಲಗಿದಲ್ಲಿಂದಲೇ ಕೂಗಿದರು.

ಅವ್ವನನ್ನು ನೋಡಿದೆ. ಅವರು ಹಿಮದ ಮೇಲೆ ಜಾರುವ ಮರದ ಬಂಡಿ, ಸ್ಲೆಡ್ಜ್, ಎಳೆಯುವ ಒಬ್ಬ ಮುದುಕನ ಜೊತೆ, ನನ್ನನ್ನು ಕೂಡಿಸಿಕೊಳ್ಳುತ್ತೀಯಾ, ಬೀಳಿಸಿದರೆ ಮಾತ್ರ ಬಿಡುವುದಿಲ್ಲ ಎಂದು ತಮ್ಮ ಬಿಜಾಪುರದ ಉರ್ದುವಿನಲ್ಲಿ ಮಾತು ಶುರುಮಾಡಿದ್ದರು.

“ಕ್ಯಾ ಮಿಯಾ, ಮೇರೆಕು ಬಿಠಾತೆ ಕ್ಯಾ? ಗಿರಾಯೆ ತೋ ಛೋಡ್ತೀ ನೈ, ಹಾಂ!”

“ಮಾಜೀ, ಆಪ್ ಬಸ್ ಬೈಠಿಯೇ,” ನೀವು ಸುಮ್ಮನೆ ಕೂತರೆ ಸಾಕು ಎಂದು ಆತ ನಕ್ಕ.

ನಾನು ನಡುವೆ ನುಗ್ಗಿದೆ. ಅವರ ಕೈ ಹಿಡಿದೆ. “ಅತ್ತೀ, ಬ್ಯಾಡ್ರಿ. ಡಾಕ್ಟರ್ ಏನಂದಾರ ನೆನಪೈತಿಲ್ರಿ?”

“ಐತವಾ. ಬೀಳಬ್ಯಾಡ ಅಂದಾನ. ಕೂಡಬ್ಯಾಡ ಅಂದಿಲ್ಲ.”

“ಅಕ್ಕಾರಿಗೆ ನಾ ಏನಂತ ಹೇಳ್ಲಿ?”

“ನಿಮ್ಮವ್ವ ಸುಮ್ನ ಕುಂತಿದ್ಳು ಅಂತ ಹೇಳು.”

ನಾನು ಕೈ ಬಿಡಲಿಲ್ಲ. ಅತ್ತೆಯವರು ಸ್ಲೆಡ್ಜಿನ ಮೇಲೆ ಕುಳಿತು, ನನ್ನ ಮುಖ ನೋಡಿ, ದನಿ ತಗ್ಗಿಸಿದರು.

“ಸುಮಾ, ಒಂದ್ ವರ್ಷ ಆತು. ನಾ ಎದ್ರ ನೀ ಏಳ್ತಿ, ನಾ ಕುಂತ್ರ ನೀ ಕೂಡ್ತಿ. ನನ್ನ ನೆರಳು ಸೈತ ಸಂಜಿಕೆ ನನ್ನ ಬಿಟ್ಟು ಹೋಗ್ತೈತಿ, ನೀ ಹೋಗೂದಿಲ್ಲ. ಎಲುಬು ಮುರದ್ರ ಹಾಸಿಗಿ ಅಂದಾನಲ್ಲ ಡಾಕ್ಟರ್, ಈಗೇನು ನಾ ಎದ್ದು ಓಡಾಡಾಕತ್ತೀನೇನ? ಒಂದ್ ಸಲ ಕೈ ಬಿಡು.”

ಮುದ್ದೆಯಾದ ಉಣ್ಣೆಯ ಕೈಗವಸಿನೊಳಗೆ ನನ್ನ ಬೆರಳುಗಳು ಒಂದೊಂದೇ ಸಡಿಲವಾದವು. ಮುದುಕ ಅವರ ಮುಂದೆ ಕುಳಿತು ಹಿಮ್ಮಡಿಯಿಂದ ನೆಲ ಒದ್ದ. ಸ್ಲೆಡ್ಜ್ ಅಲುಗಿತು.

“ಹೊಂಟೆ ನಾ!” ಎಂದು ಕೂಗಿದರು ಅತ್ತೆಯವರು.

ನಮ್ಮಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಓಣಿಯ ತುದಿಗೆ ಕೊತ್ತಂಬರಿ ತರಲು ಹೋಗುವವರೂ ‘ಹೋಗಿ ಬರ್ತೀನಿ’ ಅನ್ನಬೇಕು. ಬರುವ ಮಾತು ಬಾಯಿಂದ ಬೀಳದೆ ಹೊಸ್ತಿಲು ದಾಟಬಾರದು. ಮರೆತು ಹೊರಟವರನ್ನು ಗೇಟಿನಿಂದ ವಾಪಸು ಕರೆದು ಹೇಳಿಸಿ ಕಳಿಸುವ ಮನೆ ನಮ್ಮದು. ಹೇಳಿಸುತ್ತಿದ್ದವರೇ ಅತ್ತೆಯವರು. ಅವರು ಈಗ ಬರೀ ‘ಹೊಂಟೆ’ ಎಂದು ಹೊರಟೇಬಿಟ್ಟಿದ್ದರು!

“ಬರ್ತೀನಿ ಅನ್ರಿ ಅತ್ತೀ! ಬರ್ತೀನಿ ಅನ್ರಿ!” ಎಂದು ಕಿರುಚುತ್ತ ಹಿಂದೆ ಓಡಿದೆ. ಹೌದು, ಓಡಿದೆ. ಸಿಸ್ಟರುಗಳು ನೋಡಿದ್ದರೆ ಪ್ರಗತಿಪತ್ರ ತಿದ್ದುತ್ತಿದ್ದರು. ನಾಲ್ಕು ಹೆಜ್ಜೆಗೆ ಕಾಲು ನನ್ನನ್ನು ಬಿಟ್ಟು ಮುಂದೆ ಹೋಯಿತು. ಅಂಗಾತ ಬಿದ್ದವಳು ನಿಲ್ಲಲಿಲ್ಲ; ಕಾಲೊನಿಯ ಆ ಮೆರೂನ್ ಕೋಟಿನ ಬೆನ್ನು ಅಷ್ಟು ನುಣುಪೆಂದು ಹಿಂದೆ ಹಾಕಿಕೊಂಡವರಾರೂ ನನಗೆ ಹೇಳಿರಲಿಲ್ಲ. ಆಕಾಶ ಜಾರುತ್ತಿತ್ತು. ಬಾಯಲ್ಲಿ ಅರ್ಧ ಹನುಮಪ್ಪ, ಇನ್ನರ್ಧ ಶಾಲೆಯಲ್ಲಿ ಬೆಳಿಗ್ಗೆ ಹೇಳಿಸುತ್ತಿದ್ದ ಮರಿಯಮ್ಮನ ಪ್ರಾರ್ಥನೆ. ಯಾರಿಗೆ ಮೊದಲು ಕೇಳಿಸಿತೋ ತಿಳಿಯದು. ದಾರಿಯಲ್ಲಿ ಇನ್ನೂ ಮಲಗಿಯೇ ಇದ್ದ ನಮ್ಮ ಮನೆಯವರು, “ಏ ಸುಮಾ, ಎಲ್ಲಿ ಹೊಂಟಿ?” ಎಂದದ್ದು ಕೇಳಿತು. ಪಕ್ಕದಲ್ಲಿ ಕೆಂಪು ಶಾಲೊಂದು ಕಂಡು ಹಿಂದೆ ಸರಿಯಿತು. ಕೊನೆಗೆ ಮೆತ್ತನೆಯ ಹಿಮದ ಗುಡ್ಡೆಯೊಂದು ನನ್ನನ್ನು ಹಿಡಿದು ನಿಲ್ಲಿಸಿತು.

ಸ್ವಲ್ಪ ಹೊತ್ತಿಗೆ ಸ್ಲೆಡ್ಜ್ ಬಂತು. ಅತ್ತೆಯವರು ಮಹಾರಾಣಿಯಂತೆ ಕುಳಿತಿದ್ದರು. ಸೀರೆಯ ಒಂದು ಮಡಿಕೆಯೂ ಕೆಟ್ಟಿರಲಿಲ್ಲ.

“ನನಗಿಂತ ಮೊದ್ಲ ಬಂದಿಯಲ್ಲ! ಇದನ್ನ ಯಾವಾಗ ಕಲ್ತಿ?”

ನಾನು ನಗಬೇಕೋ ಅಳಬೇಕೋ ತಿಳಿಯದೆ ಏಳಲು ಹೋದೆ. ಪಾದದ ಕೀಲು ಉಳುಕಿತ್ತು. ಅತ್ತೆಯವರು ಕೈ ಚಾಚಿದರು; ಅದೇ, ಮುರಿದು ಕೂಡಿದ ಕೈ. ನಾನು ಹಿಂಜರಿದೆ.

“ಹಿಡಿ,” ಎಂದು ಗದರಿದರು. “ರಸ್ಕ್ ಅಲ್ಲ ಇದು.”

ಹಿಡಿದೆ. ಮುದುಕ ಇನ್ನೊಂದು ಪಕ್ಕ ಆಸರೆಯಾದ. ಒಂದು ವರ್ಷದಲ್ಲಿ ಮೊದಲ ಸಲ ಅತ್ತೆಯವರು ಮುಂದೆ, ನಾನು ಅವರಿಗೆ ಜೋತುಬಿದ್ದು ಹಿಂದೆ. ಅವರ ಹಿಡಿತ ಎಷ್ಟು ಗಟ್ಟಿಯಿತ್ತೆಂದರೆ, ಅದನ್ನು ಇಷ್ಟು ದಿನ ನಾನೇಕೆ ಪರೀಕ್ಷಿಸಿ ನೋಡಲಿಲ್ಲ ಎನಿಸಿತು.

ಸಂಜೆ ಬಿಜಾಪುರದ ಫೋನನ್ನು ಅತ್ತೆಯವರೇ ತೆಗೆದುಕೊಂಡರು. “ನನಗೇನಾಗೈತಿ? ಕಲ್ಲಿದ್ದಂಗ ಅದೀನಿ. ಸುಮಾನ ಕಾಲು ಉಳುಕೈತಿ... ಹೂಂ, ಆಕೀನ ಬಿದ್ಳು... ನೀ ಏನೂ ಅನಬ್ಯಾಡ, ನನ್ನ ಸಲುವಾಗಿ ಬಿದ್ದಾಳ.” ಆ ಕಡೆ ನಾದಿನಿಯ ನಗು ನನಗೂ ಕೇಳಿಸುವಷ್ಟು ದೊಡ್ಡದಿತ್ತು.

ಮರುದಿನ ಅತ್ತೆಯವರು ಮತ್ತೆ ಹೊರಟರು. ನಾನು ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಹೋಟೆಲಿನ ಗಾಜಿನ ಕಿಟಕಿಯ ಬಳಿ ಕುಳಿತೆ. ಹಿಂದೆ ಹೋಗುವ ಹಾಗಿರಲಿಲ್ಲ. ಅಂಜಿಕೆ ಹೋಯಿತೇ ಎಂದರೆ ಖಂಡಿತ ಇಲ್ಲ. ಕಹ್ವಾ ಎಂಬ ಅಲ್ಲಿನ ಕೇಸರಿ ಚಹಾ ತರಿಸಿ, ಕುಡಿಯದೆ ಮುಂದಿಟ್ಟುಕೊಂಡಿದ್ದೆ. ಕೆಂಪು ಶಾಲು ಚುಕ್ಕೆಯಾಗುತ್ತ ಮೇಲೆ ಹತ್ತಿತು, ಸ್ಲೆಡ್ಜಿನ ಮೇಲೆ ಕುಳಿತಿತು, ಇಳಿಯಿತು. ಮತ್ತೆ ಹತ್ತಿತು. ಒಮ್ಮೆಯಾದರೂ ಹೋಟೆಲಿನ ಕಡೆ ತಿರುಗಿ, ಪಾಪ, ಸುಮಾ ನೋಡುತ್ತಿರಬಹುದು ಎಂದು ಕೈ ಬೀಸಲಿ ಎಂದು ಕಾದೆ. ಇಲ್ಲ. ಆ ಮಹಾತಾಯಿಗೆ ನನ್ನ ನೆನಪೇ ಇರಲಿಲ್ಲ.

ನನಗೆ ಸ್ವಲ್ಪ ಸಿಟ್ಟು ಬಂತು. ಅಂಜಿಕೆಯ ಜಾಗದಲ್ಲಿ ಸಿಟ್ಟು ಬಂದು ಕುಳಿತದ್ದು ನನ್ನ ಬಾಳಿನಲ್ಲಿ ಅದೇ ಮೊದಲು. ಅದು ಎಷ್ಟು ಹಾಯಾಗಿತ್ತೆಂದರೆ, ತಣ್ಣಗಾದ ಕಹ್ವಾ ವಾಪಸು ಕಳಿಸಿ, ಬಿಸಿಯದು ಇನ್ನೊಂದು ತರಿಸಿಕೊಂಡೆ.