ದಾಟದೆ ಮರಳಿದವರ ಗುಳಿ

ಮಾಮಿಯ ಬಲಗೈಯ ತೋರುಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ದೋಸೆಕಾವಲಿಯ ಬಿಸಿಯನ್ನು ಮುಟ್ಟಿ ಮುಟ್ಟಿ ನೋಡಿ ಚರ್ಮ ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಎಡಗೈಯೋ ಏನೋ. ನನ್ನ ನೆನಪು ಕನ್ನಡಿಯಂತೆ ಎಡಬಲ ಅದಲುಬದಲು ಮಾಡುತ್ತದೆ. ಆ ಹೊಳಪು ಮಾತ್ರ ನಿಜ.

ಮದರಾಸಿನ ಮಾಧವರಂನಲ್ಲಿ ನಮ್ಮ ಪಕ್ಕದ ಮನೆ ಅವರದು. ಗಂಡಹೆಂಡತಿ ಉಡುಪಿ ಕಡೆಯಿಂದ ಬಂದು, ಮನೆಯ ಮುಂಭಾಗದಲ್ಲೇ ಸಣ್ಣ ಹೋಟೆಲು ಇಟ್ಟಿದ್ದರು. ನಾವು ಮೂರು ತಲೆಮಾರಿನಿಂದ ಮದರಾಸಿನವರಾದ ವೈಷ್ಣವರು. ನಮ್ಮ ಕನ್ನಡದಲ್ಲಿ ಅರ್ಧ ತಮಿಳು. ಹಾಗಾಗಿ ಅವರು ನನಗೆ ಮಾಮಿ. "ನಿನ್ನ ಕನ್ನಡಕ್ಕೆ ಒಗ್ಗರಣೆ ಜಾಸ್ತಿ ಆಯ್ತು ಮಾರಾಯ್ತಿ" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಮಾರ್ಗಳಿ, ಅಂದರೆ ಧನುರ್ಮಾಸ. ರಸ್ತೆ ತಿರುಗುವಲ್ಲಿ ದೀಪವಿರಲಿಲ್ಲ. ಬೆಳಗಿನ ಮಂಜಿನೊಳಗಿಂದ ಹಾಲಿನ ಟ್ಯಾಂಕರುಗಳು ತೇಲಿಬರುತ್ತಿದ್ದವು. ಮೊದಲು ಸದ್ದು, ಆಮೇಲೆ ಎರಡು ಹಳದಿ ಕಣ್ಣು, ಆಮೇಲೆ ಬರೀ ಗಾಳಿ. ರಸ್ತೆಯಾಚೆಯ ಮನೆಯೊಂದರಲ್ಲಿ ಹೆಂಗಸರು ಸೇರಿ ಆ ಹೊತ್ತಿಗೆ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ವರ್ಷಗಟ್ಟಲೆ ಹೋಗುತ್ತಿದ್ದ ಅಮ್ಮ, ಒಂದು ದಿನ ಟ್ಯಾಂಕರು ಸೆರಗು ಸವರಿಕೊಂಡು ಹೋದ ಮೇಲೆ ನಿಲ್ಲಿಸಿಬಿಟ್ಟಳು. "ಮನೇಲೇ ಹೇಳ್ಕೊಂಡ್ರೆ ಪೆರುಮಾಳಿಗೆ ಕೇಳ್ಸಲ್ವಾ?" ಅಂದಳು. ನಾನು ನಂಬಿದೆ. ಆಗಷ್ಟೇ ಆಫೀಸಿಗೆ ಸೇರಿದ್ದ ನನಗೆ ನಂಬುವುದು ಸುಲಭವಾಗಿತ್ತು.

ಅರ್ಜಿ ಹಾಕೋಣ ಎಂದವರು ಮಾಮಿ. ತಿರುವಿಗೊಂದು ದೀಪ, ಇಲ್ಲಿ ಜನ ದಾಟುತ್ತಾರೆಂದು ತಿಳಿಸುವ ಒಂದು ಫಲಕ. ಅವರು ಹೇಳಿದ್ದನ್ನು ನಾನು ತಮಿಳಿನಲ್ಲಿ ಬರೆದೆ. ದೀಪ ನಮ್ಮದು, ಫಲಕ ಪೊಲೀಸರದು ಎಂದರು ವಾರ್ಡ್ ಆಫೀಸಿನವರು. ಫಲಕಕ್ಕೆ ಗುಂಡಿ ತೋಡಬೇಕಾದವರು ಅವರೇ ಎಂದರು ಪೊಲೀಸರು. ಒಂದು ಅರ್ಜಿ ಎರಡಾಯಿತು, ನಾಲ್ಕಾಯಿತು. ಕೊನೆಗೊಮ್ಮೆ ಪರಿಶೀಲನೆಗೆ ಒಬ್ಬ ಎಂಜಿನಿಯರು ಬಂದರು, ಮಟಮಟ ಮಧ್ಯಾಹ್ನ.

"ಕತ್ತಲೆ ಎಲ್ಲುಂಟು ಅಂತ ಹುಡುಕ್ತಿದ್ದಾರೆ ಪಾಪ. ಒಂದು ಲೋಟ ಮಜ್ಜಿಗೆ ಕೊಡು" ಎಂದು ಮಾಮಿ ನನ್ನ ಕಿವಿಯಲ್ಲಿ ಉಸುರಿದರು.

ಎಂಜಿನಿಯರು ಮಜ್ಜಿಗೆ ಕುಡಿದು, ಬೆಳಿಗ್ಗೆ ಎಷ್ಟು ಗಾಡಿ ಹೋಗುತ್ತವೆ, ಎಷ್ಟು ಜನ ದಾಟುತ್ತಾರೆ, ಲೆಕ್ಕ ಬೇಕು ಎಂದು ಹೇಳಿ ಹೋದರು.

ಮರುದಿನ ಮಾಮಿ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ಹದಿನಾಲ್ಕು ಗುಳಿಗಳ ಹಲಸಿನ ಮರದ ಮಣೆ, ಜೊತೆಗೆ ಒಂದು ಚೀಲ ಕೆಂಪು ಮಂಜೊಟ್ಟಿ ಬೀಜ. ಅವರ ಊರಲ್ಲಿ ಮಳೆಗಾಲದ ಆಟಿ ತಿಂಗಳು ಬಿಟ್ಟರೆ ಆ ಆಟ ಆಡುವಂತಿಲ್ಲ.

"ಆಟಿ ಅಲ್ಲದೆ ಮಣೆ ಇಳಿಸ್ತಾರಾ? ನಿಂಗೆ ಮಂಡೆ ಸಮ ಉಂಟಾ?" ಎಂದು ಗಂಡ ಒಳಗಿಂದ ಕೂಗಿದರು.

"ಆಡಿದ್ರೆ ದೋಷ. ಎಣಿಸಿದ್ರೆ ಎಂತ ದೋಷ? ನೀವು ದೋಸೆ ಮಗುಚಿ."

ಕಾವಲಿಯನ್ನು ಗಂಡನಿಗೆ ಬಿಟ್ಟು, ಒಂದು ವಾರ ಬೆಳಗಿನ ಹೊತ್ತು ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತರು. ಟ್ಯಾಂಕರಿಗೆ ಒಂದು ಗುಳಿ, ಬಸ್ಸಿಗೊಂದು, ಆಟೋಗೊಂದು. ಕೊನೆಯ ಗುಳಿ ದಾಟಿದವರಿಗೆ. ಹೊಳೆಯುವ ಆ ಬೆರಳು ಬೀಜವನ್ನು ಗುಳಿಗೆ ಜಾರಿಸುವ ಸದ್ದು ನನ್ನ ನಿದ್ದೆಯೊಳಗೂ ಬರುತ್ತಿತ್ತು. ನಡುವೆ ಗೋಡೆಯಿತ್ತು, ಕೇಳಿಸಿರಲಾರದು. ಆದರೂ ಕೇಳಿದ್ದೇನೆ.

ಎಂಜಿನಿಯರು ಮತ್ತೆ ಬಂದಾಗ ಮಣೆ ನೋಡಿ ನಕ್ಕರು. "ಎನ್ನಮ್ಮಾ ಇದು, ಪಲ್ಲಾಂಗುಳಿಯಾ?" ಚೆನ್ನೆಮಣೆಗೆ ತಮಿಳಿನಲ್ಲಿ ಆ ಹೆಸರು. ಆಮೇಲೆ ಕೊನೆಯ ಗುಳಿಗೆ ಬಗ್ಗಿ, ದಾಟುವವರೇ ಇಲ್ಲವಲ್ಲ, ಇಷ್ಟೇ ಜನರಿಗಾಗಿ ಯಾರು ಮಂಜೂರು ಮಾಡುತ್ತಾರೆ ಎಂದರು ತಮಿಳಿನಲ್ಲಿ.

ಮಾಮಿ ನನ್ನತ್ತ ತಿರುಗಿದರು. "ಹೆದರಿ ವಾಪಸ್ ಹೋದವ್ರನ್ನು ಯಾರು ಎಣಿಸುದು? ಕೇಳು ಅವ್ರತ್ರ."

ಕೇಳಿದೆ. ಎಂಜಿನಿಯರು ಮಣೆಯಲ್ಲಿ ಖಾಲಿಯಿದ್ದ ಒಂದು ಗುಳಿಯನ್ನು ತೋರಿಸಿದರು. "ಅವರನ್ನೂ ಎಣಿಸಿ ಕೊಡಿ" ಎಂದರು.

ಮತ್ತೊಂದು ವಾರ, ಮತ್ತೊಂದು ಗುಳಿ. ಪಟ್ಟಿ ಬರೆಯಲು ನಾನು ಕುಳಿತ ದಿನ ಮಾಮಿ ಆ ಗುಳಿಯ ಬೀಜಗಳನ್ನು ನನ್ನ ಅಂಗೈಗೆ ಸುರಿದರು. ಅಂಗೈ ತುಂಬಿತು.

"ಇದ್ರಲ್ಲಿ ಏಳು ನಿನ್ನಮ್ಮ."

ನನಗೆ ಅರ್ಥವಾಗಲಿಲ್ಲ.

"ದಿನಾ ಬರ್ತಾರೆ. ಪುಸ್ತಕ ಸೆರಗಿನೊಳಗೆ ಹಿಡ್ಕೊಂಡು. ನಿಲ್ತಾರೆ. ವಾಪಸ್ ಹೋಗ್ತಾರೆ. ನೀನು ಮಲಗಿರ್ತಿ."

"ಮುಂಚೇನೇ ಯಾಕೆ ಸೊಲ್ಲಲಿಲ್ಲ ಮಾಮಿ?" ಸಿಟ್ಟಿನಲ್ಲಿ ನನ್ನ ಎರಡೂ ಭಾಷೆ ಕಲಸಿಹೋದವು.

"ಹೇಳಿದ್ರೆ ನೀನು ಕೈ ಹಿಡ್ದು ದಾಟಿಸ್ತಿದ್ದಿ. ಎರಡು ದಿನ. ಆಮೇಲೆ?"

ಆಮೇಲಿನ ಓಡಾಟವೆಲ್ಲ ನನ್ನದು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ವಾರ್ಡ್ ಆಫೀಸಿನ ಬೆಂಚಿನಲ್ಲಿ ಕೂರುವುದನ್ನು ಕಲಿತೆ. ಕಡತ ಯಾವ ಮೇಜಿನಲ್ಲಿದೆ ಎಂದು ದಿನಾ ಮಾಮಿಗೆ ವರದಿ. ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಅವರು ಏಳಲಿಲ್ಲ. ಕೊನೆಯ ಸಲ ಕೇಳಿದ್ದೂ ಅದನ್ನೇ: "ಕಡತ ಎಲ್ಲಿಗೆ ಮುಟ್ಟಿತು?" ಹೀಗೆ ಕೇಳಿದರೆಂದು ನಾನೇ ಸೇರಿಸಿಕೊಂಡೆನೋ ಏನೋ. ನೆನಪು ಇಷ್ಟು ಒಪ್ಪವಾಗಿ ಬಂದರೆ ನನಗೆ ಅನುಮಾನ.

ದೀಪ ಬಂದದ್ದು ಮುಂದಿನ ಮಾರ್ಗಳಿಗೆ. ನಡೆಯುವ ಮನುಷ್ಯನ ಚಿತ್ರವಿರುವ ಫಲಕವೂ ಬಂತು. ಅಮ್ಮ ದಾಟಿದ ಬೆಳಿಗ್ಗೆ ಮಂಜಿನಲ್ಲಿ ದೀಪ ಹಲಸಿನ ತೊಳೆಯ ಬಣ್ಣಕ್ಕಿತ್ತು. ಅದರ ಕೆಳಗೆ ಸ್ಟೂಲು ಹಾಕಿಕೊಂಡು ಮಾಮಿ ಕುಳಿತಿದ್ದರು. ಈ ಮಾತು ಸುಳ್ಳೆಂದು ನನಗೆ ಗೊತ್ತು. ಬೇರೆ ನೆನಪುಗಳನ್ನೆಲ್ಲ ತಿದ್ದುತ್ತೇನೆ, ಇದೊಂದನ್ನು ಹಾಗೇ ಬಿಟ್ಟಿದ್ದೇನೆ. ಅಮ್ಮ ಆಚೆ ಬದಿ ಮುಟ್ಟಿದವಳು ತಿರುಗಿ, ನನ್ನನ್ನಲ್ಲ, ಹೋಟೆಲಿನ ಬಾಗಿಲನ್ನು ನೋಡಿದಳು.

ಮಣೆಯನ್ನು ಮಾಮಿಯ ಗಂಡ ನನಗೆ ಕೊಟ್ಟಿದ್ದರು. ಮರಳಿದವರ ಗುಳಿಯಲ್ಲಿ ಏಳು ಬೀಜ ಇಟ್ಟುಕೊಂಡಿದ್ದೆ. ಅಂದು ಮನೆಗೆ ಬಂದು ಒಂದನ್ನು ಎತ್ತಿ ದಾಟಿದವರ ಗುಳಿಗೆ ಹಾಕಿದೆ. ಅಂದೇ ಹಾಕಿದೆನೋ, ಮರುದಿನವೋ, ಹೇಳಲಾರೆ. ಆ ವಾರ ಮುಗಿಯುವ ಹೊತ್ತಿಗೆ ಏಳೂ ಆಚೆಗಿದ್ದವು.