ಮಾವನವರ ಕಾಂಗರೂ ಕುಣಿತ

"ಸ್ವಾಮೀ, ತಮ್ಮದು ಯಾವ ಮಠ?" ಎಂದು ನಮ್ಮ ಮಾವ ಭಕ್ತಿಯಿಂದ ಕೈ ಮುಗಿದು ಕೇಳಿಯೇಬಿಟ್ಟರು.

ತೊಂಬತ್ತರ ದಶಕ. ದೋಹಾದ ಹೋಟೆಲೊಂದರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೃತ್ಯವಿತ್ತು. ತಮ್ಮೊಡನೆ ಕುಣಿಯಲು ಬಂದವರ ಹಣೆಗೆ ಹಿರಿಯ ಕಲಾವಿದರೊಬ್ಬರು ಬಿಳಿ ಮಣ್ಣಿನ ಮೂರು ಪಟ್ಟೆ ಬಳಿಯುತ್ತಿದ್ದರು. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಮಾವ ಅದನ್ನು ವಿಭೂತಿ ಎಂದುಕೊಂಡು ತಾವೂ ಹಣೆಯೊಡ್ಡಿ ಬಳಿಸಿಕೊಂಡಿದ್ದರು. ಪಕ್ಕದಲ್ಲೇ ಯಜಮಾನರ ಆಫೀಸಿನ ಮ್ಯಾನೇಜರ್! ನಾಚಿಕೆಯಿಂದಲೇ ನಾನು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕಲಾವಿದರು ಹೊಟ್ಟೆ ಹಿಡಿದು ನಕ್ಕು, ಅದು ತಮ್ಮೂರಿನ ಮಣ್ಣೆಂದು ಹೇಳಿ, ಕಾಂಗರೂವಿನಂತೆ ಹಾರಿ ತೋರಿಸಿದರು. ಮಾವ ಪಂಚೆ ಎತ್ತಿ ಕಟ್ಟಿ ಹಾರಿಯೇ ಹಾರಿದರು. ಹಿಂದೆಯೇ ಮ್ಯಾನೇಜರೂ ಹಾರಿದರು.

ಮನೆಗೆ ಬಂದರೂ ಮಾವ ಮುಖ ತೊಳೆಯಲಿಲ್ಲ. "ಬೇರೆಯವರ ಊರಿನ ಮಣ್ಣು ಕಣಮ್ಮ, ಬಚ್ಚಲಿಗೆ ಬಿಡಕ್ಕಾಗತ್ತಾ?" ಎಂದರು. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಮೂರು ಬಿಳಿ ಪಟ್ಟೆ. ಒಗೆಯಲು ನನಗೂ ಮನಸ್ಸು ಬರಲಿಲ್ಲ.