ಬೆಂಚಿನ ಮೇಲಿನ ಎಂಬತ್ತಮೂರು

ಮೂಳೆ ಡಾಕ್ಟರರ ಹೊರಗಿನ ಕೋಣೆಯಲ್ಲಿ ಕೂತವರಿಗೆ ಎರಡೇ ಕೆಲಸ: ಪಕ್ಕದವರ ಕಾಲು ನೋಡುವುದು, ಗೋಡೆಯ ಟೀವಿ ನೋಡುವುದು. ಮೊನ್ನೆ ಮಂಗಳೂರಿನಲ್ಲಿ ಹೆಂಡತಿಯ ಜೊತೆ ಹಾಗೆ ಕೂತಿದ್ದೆ. ಯಾರೋ ಚಾನೆಲ್ ಬದಲಿಸಿ ಮರೆತುಬಿಟ್ಟಿದ್ದರು. ಹೆಲ್ಮೆಟ್ ಹಾಕಿಕೊಂಡ ದಢೂತಿ ಆಟಗಾರರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಪಕ್ಕದ ಹಿರಿಯರು, "ಇದು ಎಂಥ ಆಟ ಮಾರಾಯ್ರೆ? ಚೆಂಡು ಯಾರಿಗೂ ಬೇಡವಾ?" ಎಂದರು. "ಅಮೆರಿಕದ ಫುಟ್‌ಬಾಲು. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ರೆ ಚೆಂಡು ಎದುರಿನವರಿಗೆ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಮೊಣಕಾಲು ಕೆಟ್ಟದ್ದು ಈ ಆಟದಿಂದಲೇ ಎಂದು ತೀರ್ಮಾನಿಸಿದರು. ಆ ಗೌರವವನ್ನು ನಾನು ನಿರಾಕರಿಸಲಿಲ್ಲ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಆ ಚೆಂಡನ್ನು ನಾನು ಒಮ್ಮೆಯೂ ಮುಟ್ಟಿದವನಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ಮಸ್ಕತ್ತಿನ ರುವಿಯಲ್ಲಿ, ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಇದನ್ನು ಕಲಿತೆ.

ಆಗ ನಾನು ಬೋರ್‌ವೆಲ್ ಕೊರೆಯುವ ಕಂಪನಿಯೊಂದರ ಆಫೀಸಿನಲ್ಲಿದ್ದೆ. ಟೈಪು ನನ್ನದು, ಫೋನು ನನ್ನದು, ಚಹಾ ತರುವವನು ರಜೆಯಲ್ಲಿದ್ದರೆ ಚಹಾವೂ ನನ್ನದು. ಮ್ಯಾನೇಜರು ಡೇಲ್ ಎಂಬ ಅಮೆರಿಕದವನು. ಆರಡಿ ಎತ್ತರ, ಮಾತು ಕಡಿಮೆ. ನೀರು ಸಿಕ್ಕರೂ ಸಿಗದಿದ್ದರೂ ಅವನ ಮುಖ ಒಂದೇ ತರಹ ಇರುತ್ತಿತ್ತು. ಅವನ ಒಬ್ಬನೇ ಮಗ ಅಮೆರಿಕದ ಕಾಲೇಜೊಂದರಲ್ಲಿ ಓದುತ್ತಿದ್ದ, ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದ. ತಂಡದಲ್ಲಿದ್ದ ಎಂದರೆ ಬೆಂಚಿನ ಮೇಲಿದ್ದ. ಮೂರು ವರ್ಷ ಕೂತಾಗಿತ್ತು, ಇದು ಕೊನೆಯ ವರ್ಷ. ಮಗ ಒಮ್ಮೆಯಾದರೂ ಮೈದಾನಕ್ಕೆ ಇಳಿಯುವುದನ್ನು ನೋಡಬೇಕು ಎಂಬುದೊಂದೇ ಆ ಮನುಷ್ಯನ ಆಸೆ.

ಊರಿನಲ್ಲೇ ಇದ್ದ ಅವನ ಹೆಂಡತಿ ಪ್ರತಿ ಪಂದ್ಯವನ್ನೂ ವೀಡಿಯೊ ಕ್ಯಾಸೆಟ್ಟಿಗೆ ತುಂಬಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದಳು. ಅದು ಬರಲು ಎರಡು ಮೂರು ವಾರ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಪಂದ್ಯದ ಸುದ್ದಿಯನ್ನು ಫೋನಿನಲ್ಲಿ ಯಾರೂ ಹೇಳಬಾರದು, ಎಲ್ಲವನ್ನೂ ಟೇಪಿನಲ್ಲೇ ನೋಡಬೇಕು ಎಂದು ಅವನ ಕಟ್ಟಪ್ಪಣೆ. ತೊಂದರೆ ಏನೆಂದರೆ, ಅಮೆರಿಕದ ಟೇಪು ಅವನ ಬಂಗಲೆಯ ವೀಡಿಯೊದಲ್ಲಿ ಓಡುತ್ತಿರಲಿಲ್ಲ. ಹಾಕಿದರೆ ಪರದೆಯ ತುಂಬ ಗೆರೆಗಳು. ಎಲ್ಲ ದೇಶಗಳ ಟೇಪೂ ಓಡುವ ಯಂತ್ರ ನನಗೆ ಗೊತ್ತಿದ್ದಂತೆ ಇದ್ದದ್ದು ಹಸನಾಕನ ಹತ್ತಿರ. ಹಸನಾಕ ನಮ್ಮ ಬಂಟ್ವಾಳದ ಕಡೆಯ ಬ್ಯಾರಿ, ರುವಿಯ ಬಟ್ಟೆ ಅಂಗಡಿಯವರು. ಅಂಗಡಿಯ ಹಿಂದೆಯೇ ಮನೆ. ಹೀಗೆ ಪ್ರತಿ ಗುರುವಾರ ಸಂಜೆ ನಮ್ಮ ದೊಡ್ಡ ಸಾಹೇಬರು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಿನಲ್ಲಿ ತಲೆ ಬಗ್ಗಿಸಿ, ಚಾಪೆಯ ಮೇಲೆ ಬಂದು ಕೂರುವಂತಾಯಿತು.

ಹಸನಾಕ ಆಟವನ್ನು ಒಂದೇ ವಾರದಲ್ಲಿ ಅರ್ಥ ಮಾಡಿಕೊಂಡರು. "ಇದು ಕಬಡ್ಡಿಯೇ ಮಾರಾಯ್ರೆ. ಉಸಿರು ಹಿಡಿಯುವುದೊಂದು ಇಲ್ಲ, ಅಷ್ಟೇ." ಆಟ ಅರ್ಥವಾದದ್ದರಿಂದ ತಂಡಕ್ಕೇನೂ ಲಾಭವಾಗಲಿಲ್ಲ. ಮೊದಲ ಪಂದ್ಯ ಸೋತರು. ಎರಡನೆಯದು ಹೀನಾಯವಾಗಿ ಸೋತರು. ಮೂರನೆಯದರಲ್ಲಿ ಗೆಲ್ಲುವ ಹಾಗಿದ್ದು ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಂಡರು. ಡೇಲನಿಗೆ ಅದರ ಚಿಂತೆಯೇ ಇರಲಿಲ್ಲ. ಅವನು ನೋಡುತ್ತಿದ್ದದ್ದು ಬೆಂಚನ್ನು. ಕ್ಯಾಮೆರಾ ಆ ಕಡೆ ತಿರುಗಿದ ಕೂಡಲೇ, "ಎಂಬತ್ತಮೂರು!" ಎಂದು ಬೆರಳು ತೋರಿಸುತ್ತಿದ್ದ. ಮಗನ ಅಂಗಿಯ ನಂಬರು ಅದು. ಹಸನಾಕ ಟೇಪು ನಿಲ್ಲಿಸುತ್ತಿದ್ದರು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಯುತ್ತಿದ್ದ ಕೆಂಪು ಕೂದಲಿನ ಹುಡುಗನನ್ನು ನಾವು ಮೂವರೂ ಗಂಭೀರವಾಗಿ ನೋಡುತ್ತಿದ್ದೆವು. "ಕುಡಿಯುವ ಸ್ಟೈಲ್ ಒಳ್ಳೆಯದುಂಟು" ಎಂದು ಹಸನಾಕ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು. ಬೇರೆ ಹೊಗಳುವುದಕ್ಕೆ ಏನೂ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಆಫೀಸಿಗೆ ಡೇಲನ ಹೆಂಡತಿಯ ಫೋನು ಬಂತು. ಡೇಲ್ ಇಬ್ರಾದಲ್ಲಿ ಕೊರೆಯುವ ಜಾಗಕ್ಕೆ ಹೋಗಿದ್ದ. ಅಲ್ಲಿ ಫೋನಿಲ್ಲ, ಬರುವುದು ಸಂಜೆ. ಆಕೆ ಹೇಳಿದ್ದಿಷ್ಟು: ಮಗ ಆಸ್ಪತ್ರೆಯಲ್ಲಿದ್ದಾನೆ, ಡೇಲ್ ಬಂದ ಕೂಡಲೇ ಫೋನು ಮಾಡಲಿ. ಏನಾಯಿತು ಎಂದು ಕೇಳಿದೆ. "ಅದನ್ನು ಅವರಿಗೆ ನಾನೇ ಹೇಳಬೇಕು. ಗಾಬರಿಯಾಗುವುದು ಬೇಡ" ಎಂದಳು.

ಗಲ್ಫಿನಲ್ಲಿ ಇದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದೂರದಲ್ಲಿರುವವನಿಗೆ ಸಾವಿನ ಸುದ್ದಿಯನ್ನು ನಮ್ಮಲ್ಲಿ ಯಾರೂ ನೇರವಾಗಿ ಹೇಳುವುದಿಲ್ಲ. ಸ್ವಲ್ಪ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ, ಗಾಬರಿ ಬೇಡ, ಒಮ್ಮೆ ಬಂದು ಹೋಗು ಎನ್ನುತ್ತಾರೆ. ಉಳಿದದ್ದನ್ನು ಅವನು ಮನೆಯಂಗಳದಲ್ಲಿ ಸೇರಿದ ಜನರನ್ನು ನೋಡಿ ತಿಳಿದುಕೊಳ್ಳಬೇಕು. ನನ್ನ ಅಪ್ಪ ತೀರಿಕೊಂಡಾಗ ನನಗೆ ಸಿಕ್ಕಿದ ಸುದ್ದಿ ಗ್ಯಾಸ್ಟ್ರಿಕ್ ಎಂದು. ನಾನು ರುವಿಯ ಮೆಡಿಕಲ್ಲಿನಲ್ಲಿ ಒಳ್ಳೆಯ ಮಾತ್ರೆ ಕೇಳಿ ತೆಗೆದುಕೊಂಡು ಊರಿಗೆ ಹೋಗಿದ್ದೆ. ಆ ಮಾತ್ರೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ಅಂಗಳದಲ್ಲಿ ನಿಂತಿದ್ದೆ.

ಹಸನಾಕನಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಗಾಬರಿ ಬೇಡ ಅಂತ ಹೇಳಿದ್ರಾ?" ಎಂದರು.

"ಹೇಳಿದ್ರು."

"ಹಾಗಾದ್ರೆ ಆಯಿತು ಮಾರಾಯ್ರೆ. ಹುಡುಗ ಹೋದ." ಆಮೇಲೆ, "ಒಂದು ಸಲವೂ ಆಡದೆ ಹೋದ" ಎಂದರು.

ಮುಂದಿನದೆಲ್ಲ ನಮಗೆ ಅಭ್ಯಾಸವಿದ್ದ ಕೆಲಸ. ನಾನು ಆ ರಾತ್ರಿಯ ವಿಮಾನದಲ್ಲಿ ಡೇಲನಿಗೆ ಸೀಟು ಮಾಡಿಸಿದೆ. ಡ್ರೈವರನಿಗೆ, ಸಾಹೇಬರನ್ನು ನೇರ ಹಸನಾಕನ ಮನೆಗೆ ಕರೆದುಕೊಂಡು ಬಾ ಎಂದು ಆ ಕಡೆ ಹೋಗುವ ಲಾರಿಯವರ ಹತ್ತಿರ ಹೇಳಿ ಕಳುಹಿಸಿದೆ. ಹಸನಾಕ ಟೀವಿಗೆ ಬಿಳಿ ಬೆಡ್‌ಶೀಟ್ ಹೊದಿಸಿದರು. ಅವರ ಹೆಂಡತಿ ಅನ್ನ, ಕೋಳಿ ಸಾರು ಮಾಡಿಟ್ಟರು. ಖಾಲಿ ಹೊಟ್ಟೆಯವನಿಗೆ ಸಾವಿನ ಸುದ್ದಿ ಹೇಳಬಾರದು, ಅವನು ಅಮೆರಿಕದವನಾದರೂ.

ಸಂಜೆ ಡೇಲ್ ಮೈಯೆಲ್ಲ ಧೂಳಾಗಿ ಬಂದ. ಭಾನುವಾರ ಯಾಕೆ ಕರೆಸಿದ್ದೆಂದು ಅವನಿಗೆ ಅರ್ಥವಾಗಲಿಲ್ಲ. "ಟೇಪು ಬಂತಾ?" ಎಂದ. "ಮೊದಲು ಊಟ" ಎಂದೆ. ಅವನು ಉಣ್ಣುತ್ತಿದ್ದರೆ ನಾವಿಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಹಸನಾಕ ಇನ್ನೊಂದು ತುಂಡು ಬಡಿಸಿದರು, ಮತ್ತೂ ಒಂದು ಬಡಿಸಿದರು. ಹೊತ್ತು ಕಳೆಯಲು ಬೇರೆ ದಾರಿಯಿರಲಿಲ್ಲ. ಅವನು ಬೆಡ್‌ಶೀಟ್ ಹೊದ್ದ ಟೀವಿಯನ್ನೂ ನಮ್ಮ ಮುಖಗಳನ್ನೂ ನೋಡಿ, "ಇಬ್ರಾದ ಕಾಂಟ್ರಾಕ್ಟ್ ಹೋಯಿತಾ?" ಎಂದ.

ಹಸನಾಕ ತಮಗೆ ಬರುವ ಹಿಂದಿಯಲ್ಲಿ, "ಸಾಬ್, ಸಬ್ ಅಲ್ಲಾ ಕಾ ಮರ್ಜಿ" ಎಂದು ಶುರು ಮಾಡಿ, ಮುಂದೆ ಹೋಗಲಾಗದೆ ನನ್ನನ್ನು ನೋಡಿದರು. ನಾನು ಹೇಳಿದೆ: ನಿಮ್ಮ ಮಗ ಆಸ್ಪತ್ರೆಯಲ್ಲಿದ್ದಾನೆ, ಮನೆಗೆ ಫೋನು ಮಾಡಬೇಕಂತೆ, ಗಾಬರಿ ಬೇಡ.

ಅವನು ಕೈಯನ್ನೂ ತೊಳೆಯದೆ ಅಂಗಡಿಯ ಫೋನಿಗೆ ಓಡಿದ. ಲೈನು ಸಿಕ್ಕಿತು. ಬಹಳ ಹೊತ್ತು ಬರೀ ಕೇಳುತ್ತಿದ್ದ. ಆಮೇಲೆ, "ಅವನನ್ನು ಇಳಿಸಿದರಾ? ಮೈದಾನಕ್ಕೆ ಇಳಿಸಿದರಾ?" ಎಂದು ಕಿರುಚಿ ಗಹಗಹಿಸಿ ನಗತೊಡಗಿದ. ಹಸನಾಕ ನನ್ನ ರಟ್ಟೆ ಹಿಡಿದು, "ತಲೆಗೆ ಹತ್ತಿತು, ನೀರು ತನ್ನಿ" ಎಂದರು. ನಾನು ನೀರು ತಂದೆ.

ಫೋನಿಟ್ಟ ಡೇಲ್ ನಮ್ಮಿಬ್ಬರ ಭುಜ ಹಿಡಿದು, "ಕಾಲು ಮುರಿದಿದೆ! ಎರಡು ಕಡೆ ಮುರಿದಿದೆ! ಚೆಂಡು ಹಿಡಿದು ಓಡುವಾಗ!" ಎಂದ. ಒಬ್ಬ ತಂದೆ ಮಗನ ಕಾಲು ಮುರಿದದ್ದನ್ನು ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮರುಗಳಿಗೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಕುಸಿದು ಕೂತು ಅಳತೊಡಗಿದ. "ಅವನು ಓಡುವಾಗ ನಾನಿಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದೆ" ಎಂದ.

ಹಸನಾಕ ಅವನ ಬೆನ್ನು ಸವರಿದರು. ನಾವು ಏನೆಂದು ತಿಳಿದಿದ್ದೆವು, ಕೋಳಿ ಸಾರು ಯಾಕೆ, ಬೆಡ್‌ಶೀಟ್ ಯಾಕೆ ಎಂಬುದನ್ನೆಲ್ಲ ನಾನು ನಾಚಿಕೆಯಿಂದ ಹೇಳಿದೆ. ಅವನು ನಗಲಿಲ್ಲ. "ರಾತ್ರಿಯ ವಿಮಾನದಲ್ಲಿ ಸೀಟೂ ಮಾಡಿಸಿದ್ದೇನೆ. ಕ್ಯಾನ್ಸಲ್ ಮಾಡ್ತೇನೆ" ಎಂದೆ.

ಆ ದಿನಗಳಲ್ಲಿ ಕಾಲು ಮುರಿದದ್ದಕ್ಕೆಲ್ಲ ಯಾರೂ ಊರಿಗೆ ಹೋಗುತ್ತಿರಲಿಲ್ಲ. ಸತ್ತರೆ ಮಾತ್ರ ಹೋಗುವುದು. ಅದು ನಮಗೂ ಒಂದೇ, ಅವನಿಗೂ ಒಂದೇ. ಡೇಲ್ ಕಣ್ಣೊರೆಸಿಕೊಂಡು ಎದ್ದು ನಿಂತ.

"ಬೇಡ, ಇರಲಿ" ಎಂದ.

ಆ ಪಂದ್ಯದ ಟೇಪು ಬಂದಾಗ ಡೇಲ್ ಇನ್ನೂ ಮಗನ ಹತ್ತಿರವೇ ಇದ್ದ. ಬಿಚ್ಚಿ ನೋಡಿ ಎಂದು ಅಲ್ಲಿಂದಲೇ ಹೇಳಿದ್ದ. ನಾನು, ಹಸನಾಕ ಇಬ್ಬರೇ ನೋಡಿದೆವು. ಎಂಬತ್ತಮೂರು ಹೆಲ್ಮೆಟ್ ಹಾಕಿಕೊಂಡು ಎದ್ದ, ಇಳಿದ, ಚೆಂಡು ಹಿಡಿದ, ಓಡಿದ. ಮೂರು ಜನ ಬಿದ್ದರು ಅವನ ಮೇಲೆ. ತಂಡ ಎಂದಿನಂತೆ ಸೋತಿತು. ಆದರೆ ಹಸನಾಕ ಚಾಪೆಯ ಮೇಲೆ ಎದ್ದು ನಿಂತು, "ಯಲ್ಲಾ, ಯಲ್ಲಾ, ಓಡು ಮಗಾ!" ಎಂದು ಕೂಗಿದ್ದಕ್ಕೆ ಅಂಗಡಿಯ ಗಿರಾಕಿಗಳು ಒಳಗೆ ಇಣುಕಿದರು.

ಮೊನ್ನೆ ಡಾಕ್ಟರು ನನ್ನ ಎಕ್ಸ್‌ರೇ ನೋಡಿ ಮೊಣಕಾಲು ಬದಲಿಸಬೇಕು ಎಂದರು. ಹೊರಗೆ ಬಂದು ಮಗಳಿಗೆ ಫೋನು ಮಾಡಿದೆ. ಅವಳು ಮಸ್ಕತ್ತಿನ ಹತ್ತಿರದ ಅಲ್ ಅಮೇರಾತ್‌ನಲ್ಲಿದ್ದಾಳೆ. ಇಷ್ಟು ವರ್ಷ ನಮ್ಮ ಜ್ವರ, ಬಿಪಿ, ಬಚ್ಚಲಿನಲ್ಲಿ ಜಾರಿ ಬಿದ್ದದ್ದು ಯಾವುದನ್ನೂ ನಾವು ಅವಳಿಗೆ ಹೇಳಿದ್ದಿಲ್ಲ. ಸುಮ್ಮನೆ ಮಕ್ಕಳಿಗೆ ಯಾಕೆ ತೊಂದರೆ?

"ಆಸ್ಪತ್ರೆಯಲ್ಲಿದ್ದೇನೆ. ಮೊಣಕಾಲಿನ ಆಪರೇಷನ್ ಆಗಬೇಕಂತೆ" ಎಂದೆ.

ಅವಳು ಸಣ್ಣ ದನಿಯಲ್ಲಿ, "ಅಪ್ಪಾ, ಟೆಲ್ ಮಿ ದ ಟ್ರುತ್. ಅಮ್ಮನಿಗೆ ಏನಾಯ್ತು?" ಎಂದಳು.

ನಾನು ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ. ತಾಯಿಯ ದನಿ ಕೇಳಿದ್ದೇ ಮಗಳು ಅತ್ತದ್ದು ನನಗೂ ಕೇಳಿಸಿತು. ಅತ್ತು ಮುಗಿಸಿ ಮತ್ತೆ ನನ್ನನ್ನು ಕರೆದು, "ನಾನು ಬರಬೇಕಾ ಅಪ್ಪಾ?" ಎಂದಳು. ಬೇಡ, ರಜೆ ಹಾಳು ಮಾಡಬೇಡ ಎನ್ನುವುದು ಬಾಯಿಗೆ ಬಂದೇ ಬಿಟ್ಟಿತ್ತು.

"ಬಾ ಮಗಾ" ಎಂದೆ.